ಸೂಟಿ ಸಾಲಿಗೆ, ಕಾವಲು ನನಗ

ಸಾಲಿಗೆ ಸೂಟಿ ಬಿಟ್ಟರ ಎಲ್ಲಾರಿಗೂ ಕೆಲಸ ಕಡಿಮಿ ಆಗ್ತೈತಿ, ನನಗ ಮಾತ್ರ ಹೆಚ್ಚಾಗ್ತೈತಿ. ಇದು ವರ್ಷಾ ತಪ್ಪದಂಗ ನಡದೈತಿ, ಹೇಳಿ ಹೇಳಿ ಬಾಯಿ ನೊಂದೈತಿ. ಸುರಪುರದ ಒಂದು ಖಾಸಗಿ ಸಾಲ್ಯಾಗ ನಾ ಜವಾನ. ಅಕ್ಷರ ಕಲ್ತಿಲ್ಲ ಖರೆ, ಆದ್ರ ನಾ ಗಂಟಿ ಬಾರಿಸಿದ್ರ ಅಲ್ಲಿ ಕಕ್ಕೇರಾದಾಗ ಹೂಡಿದ ಎತ್ತು ತಾವ ನೊಗ ಇಳಿಸಿ ಮನಿ ಕಡೆ ಹೊಂಡ್ತಾವ. ಇಂಥಾ ಮನುಷ್ಯಾಗ ಒಂದಿನ ಸೂಟಿ ಸಿಗಂಗಿಲ್ಲ ನೋಡ್ರಿ.

ಈ ಸಲ ಕ್ರಿಸ್‌ಮಸ್ ಸೂಟ್ಯಾಗನ ಎಳ್ಳಮವಾಸಿ ಬಂತು. ಅವತ್ತು ಹೊಲದಾಗ ಬೆಳಿಗೆ ನೈವೇದ್ಯದ ಚರಗ ಚೆಲ್ಲಿ, ಬಳಗೆಲ್ಲಾ ಕುಂತು ಉಣ್ಣೋದು ನಮ್ಮ ಕಡೆ ಪದ್ಧತಿ. ಯಾದಗಿರಿ ಹತ್ತಿರದ ಹತ್ತಿಕುಣಿಗೆ ಕೊಟ್ಟ ಮಗಳು ಫೋನಿನ್ಯಾಗ ಅತ್ತಳು: "ಅಪ್ಪಾ, ಎಲ್ಲಾರ ಅಪ್ಪಂದಿರೂ ಬರ್ತಾರ, ನೀ ಒಬ್ಬಾಂವ ಬರಂಗಿಲ್ಲ. ಈ ಸಲನೂ ಬರಲಿಲ್ಲಂದ್ರ ನಾ ತವರಮನಿ ಹೊಸ್ತಿಲಾ ತುಳಿಯಂಗಿಲ್ಲ!"

ಮೀಟಿಂಗು

ಸೂಟಿ ಬಿಡೋ ಹಿಂದಿನ ದಿನ ಹೆಡ್‌ಮಾಸ್ತರ್ ಎಲ್ಲಾರನ್ನೂ ಕೂಡಿಸಿ ಸೂಚನಾ ಹೇಳಾಕತ್ತಿದ್ರು. ಫ್ಯಾನು, ಲೈಟು ಬಂದ್ ಮಾಡ್ರಿ. ಫೋನ್ ಚಾಲೂ ಇಡ್ರಿ. ಮುಂದಿನ ಪಾಠ ತಯಾರ್ ಮಾಡ್ಕೊಳ್ರಿ. ನನ್ನ ಕೇಳದ ಯಾರೂ ಊರು ಬಿಡಬ್ಯಾಡ್ರಿ. ಆಮ್ಯಾಲೆ ನನ್ನ ಕಡೆ ತಿರುಗಿ, "ಯಜಮಾನ, ಗೇಟಿಗೆ ಹಾಕೋ ಕೀಲಿ, ಅದರ ಚಾವಿ ಎರಡೂ ನಿನ್ನ ಜಿಮ್ಮಾ. ದಿನಾ ಕೀಲಿ ಫೋಟೋ ವಾಟ್ಸಾಪ್ ಗ್ರೂಪಿನ್ಯಾಗ ಬೀಳಬೇಕು" ಅಂದ್ರು.

"ಸರ್, ಎಳ್ಳಮವಾಸಿಗೆ ಒಂದಿನ ಮಗಳ ಮನಿಗೆ..."

"ಅವತ್ತಿನ ಫೋಟೋ ಯಾರು ಹಾಕ್ತಾರ, ನಿನ್ನ ಎಮ್ಮಿ?"

ಸೂಚನಾ ಮುಗಿಯೋದ್ರಾಗ ಹೊತ್ತು ಇಳೀತು. ಕಡಿಗೆ ಉರ್ದು ಮೇಡಂ ಎದ್ದು ನಿಂತ್ರು.

"ಸಬ್ ಸಮಝ್ ಗಯೀ, ಎಲ್ಲಾ ತಿಳೀತು ಸರ್. ಇಷ್ಟೆಲ್ಲಾ ಕೆಲಸ ಮುಗಿಸಿದ ಮ್ಯಾಲೆ ಸೂಟಿ ಯಾವಾಗಿಂದ ಸುರು ಆಗ್ತೈತ್ರಿ?"

ತೊಗರಿ ಟ್ರ್ಯಾಕ್ಟರು

ಇನ್ನೊಂದು ಸೂಚನಾ ಇತ್ತು: ಸಾಲಿ ಮೈದಾನದಾಗ ಯಾರಿಗೂ ರಾಶಿ ಹಾಕಾಕ ಬಿಡಬಾರದು. ಸಾಲಿ ಮೈದಾನ ಖಾಲಿ ಐತಿ ಅಂದ್ರ ನಮ್ಮ ಮಂದಿಗೆ ಅದು ಕಣ ಇದ್ದಂಗ. ಸೂಟಿ ಸುರು ಆಗಿದ್ದ ತಡ, ತೊಗರಿ ತುಂಬಿದ ಟ್ರ್ಯಾಕ್ಟರ್ ತಗದಿದ್ದ ಗೇಟಿನ್ಯಾಗ ಅರ್ಧ ನುಗ್ಗಿತು.

"ನಿಲ್ಲಲೇ!" ಅಂದೆ. ನನ್ನ ಧ್ವನಿಗೆ ಗುಡ್ಡದ ಕಲ್ಲು ಉಳ್ಳಿ ಬಿದ್ದದ್ದೂ ಐತಿ. ಟ್ರ್ಯಾಕ್ಟರ್ ಗಪ್ಪನ ನಿಂತಿತು, ಎಂಜಿನ್ನೂ ಆರಿತು. ನಾ ಮೀಸಿ ತಿರುವಿದೆ.

ಡ್ರೈವರ್ ಕೆಳಗ ಇಳದು ಟಾಕ್ಯಾಗ ಬಗ್ಗಿ ನೋಡಿದ. "ಮುತ್ಯಾ, ನಿನ್ನ ಧ್ವನಿ ಭಾರಿ ಐತಿ. ಆದ್ರ ಡೀಸೆಲ್ ಮುಗದೈತಿ."

ಟ್ರ್ಯಾಕ್ಟರ್ ಗೇಟಿನ್ಯಾಗ ಸಿಕ್ಕೊಂಡ್ರ ಕೀಲಿ ಹ್ಯಾಂಗ ಹಾಕೋದು, ಫೋಟೋ ಹ್ಯಾಂಗ ತಗಿಯೋದು? ಹಿಂದಕ್ಕ ದಬ್ಬಬೇಕಂದ್ರ ಏರು, ಮುಂದ ಮೈದಾನದ ಕಡೆ ಇಳಿಜಾರು. ಸೊಂಟ ಹಿಡಕೊಂಡು ಆ ತೊಗರೀನ ಮೈದಾನದೊಳಗ ದಬ್ಬಿದಾಂವ ನಾನ.

ಕೀಲಿ ಫೋಟೋ

ಎಳ್ಳಮವಾಸಿ ದಿನ ಬೆಳಕು ಹರಿಯೋದ್ರಾಗ ಗೇಟಿನ ಮುಂದ ಕುಂತು ವಿಚಾರ ಮಾಡಿದೆ. ಸರ್ ಕೇಳಿದ್ದು ಕೀಲಿ ಫೋಟೋ. ಸಾಲಿ ಫೋಟೋ ಅಂತ ಅವರು ಅಂದೇ ಇಲ್ಲ! ಕೀಲಿ ತಗದು ಕಿಸೆದಾಗ ಇಟಗೊಂಡೆ, ಗೇಟಿಗೆ ನನ್ನ ರುಮಾಲು ಸುತ್ತಿ ಗಂಟು ಹಾಕಿದೆ, ಶಹಾಪುರ ಮ್ಯಾಲಿಂದ ಯಾದಗಿರಿಗೆ ಹೋಗೋ ಬಸ್ ಹತ್ತಿದೆ.

ಹತ್ತಿಕುಣಿ ಹೊಲದಾಗ ಅಳಿಯನ ತಂತಿ ಬೇಲಿಗೆ ಕೀಲಿ ಸಿಗಿಸಿ, ಫೋಟೋ ಹೊಡದು ಗ್ರೂಪಿಗೆ ಹಾಕಿದೆ. ಮಗಳು ಗಂಗಾಳದ ತುಂಬ ಸಜ್ಜಿ ಕಡಬು, ಭಜ್ಜಿ ಬಡಿಸಾಕತ್ತಿದ್ಳು. ಬಾಯಿಗೆ ತುತ್ತು ಒಯ್ಯೋದ್ರಾಗ ಹೆಡ್‌ಮಾಸ್ತರ್ ಫೋನು.

"ಕೀಲಿ ಹಿಂದ ಜೋಳದ ತೆನಿ ಕಾಣಾಕತ್ಯಾವಲ್ಲೋ!"

"ಹೌದ್ರಿ. ಬೆಳಿ ಚಲೋ ಬಂದೈತ್ರಿ."

"ಎಲ್ಲಿ ಅದೀ?"

"ಹತ್ತಿಕುಣ್ಯಾಗ್ರಿ. ಕೀಲಿ ಕಾಳಜಿ ಮಾಡಬ್ಯಾಡ್ರಿ, ನನ್ನ ಕಣ್ಣ ಮುಂದನ ಐತಿ."

"ಮತ್ತ ಸಾಲಿಗೆ ಏನೈತಿ?"

"ನನ್ನ ರುಮಾಲದ ಗಂಟು ಐತ್ರಿ. ಅದನ್ನ ಬಿಚ್ಚಾಂವ ಮೂರು ತಾಲೂಕದಾಗ ಹುಟ್ಟಿಲ್ಲ."

"ಉಣ್ಣೋದು ಬಿಡು! ಈಗಿಂದೀಗ ಬಸ್ ಹತ್ತು!"

ಮಗಳ ಕೈಯಾಗಿನ ಸೌಟು ಹಂಗ ನಿಂತಿತು. ಆಕಿ ಕಣ್ಣಾಗ ನೀರು. ನಾ ಮೆತ್ತಗ ಅಂದೆ, "ಸರ್, ನಾ ಬಂದು ಮುಟ್ಟೋದ್ರಾಗ ಹೊತ್ತು ಮುಣಗ್ತೈತ್ರಿ. ನೀವ ಹೋಗಿ ಒಂದು ಸಲ ಗಂಟು ನೋಡಿ ಬರ್ರಿ. ಸಾಲಿ ನಿಮ್ಮ ಮನಿ ಹಿಂದನ ಐತಲ್ಲ."

ಫೋನಿನ್ಯಾಗ ಎತ್ತಿನ ಗೆಜ್ಜಿ ಸಪ್ಪಳ, ಅದರ ಹಿಂದ ಅವರ ಮನ್ಯಾಕಿ ಧ್ವನಿ: "ಏನ್ರೀ, ಎಲ್ಲಾರೂ ಬನ್ನಿಗಿಡದ ಬುಡಕ ಕಾಯಾಕತ್ತಾರ, ಚರಗ ಚೆಲ್ಲಾಕ ಬರ್ರಿ!"

ಹೆಡ್‌ಮಾಸ್ತರ್ ಪಿಸುಗುಟ್ಟಿದ್ರು.

"ಯಜಮಾನ, ಗಂಟು ಗಟ್ಟಿ ಐತಿಲ್ಲೋ?"

"ಗಟ್ಟಿ ಐತ್ರಿ ಸರ್."

"ಹಂಗಾರ ನೀ ಉಣ್ಣು. ನಾನೂ ಉಣ್ತೀನಿ."