ಅತ್ತೆಯ ರೆಕಾರ್ಡಿನ ಗೀರು

ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ದೋಸೆ ಸೀದರೆ ಅದಕ್ಕೆ ನಾನು ಹೊಣೆಯಲ್ಲ, ಸಾಕ್ಷಾತ್ ರಂಗನಾಥಸ್ವಾಮಿಯೇ ಹೊಣೆ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನನ್ನ ಅತ್ತೆ ಸುಬ್ಬಾತಾಳ್ ಅವರ ಬಳಿ ಒಂದೇ ಒಂದು ಕನ್ನಡ ರೆಕಾರ್ಡು ಇದೆ. ಅವರ ಹಿರಿಯರು ಕನ್ನಡನಾಡಿನಿಂದ ತಮಿಳು ಸೀಮೆಯ ತಿರುಪ್ಪೂರಿನ ಕಡೆಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ಗೊತ್ತಿಲ್ಲ. ಮನೆಯಲ್ಲಿ ಕನ್ನಡದ ಮಾತು ಉಳಿದಿದೆ, ಅಕ್ಷರ ಉಳಿದಿಲ್ಲ. ಹಾಗಾಗಿ ಆ ಕರಿ ತಟ್ಟೆಯೇ ಅತ್ತೆಗೆ ಪುಸ್ತಕ, ಪುರಾಣ, ಪಾರಾಯಣ. ಶುಕ್ರವಾರ ದೀಪ ಹಚ್ಚಿದ ಕೂಡಲೇ ಅದನ್ನು ಹಾಕಬೇಕು. ಬಾಗಿಲಲ್ಲಿ ನಿಂತ ರಂಗನನ್ನು ಮನೆಯೊಳಕ್ಕೆ ಕರೆಯುವ ಹಾಡು ಅದು. ಸರಿಯಾಗಿ ‘ಒಳಗೆ ಬಾ’ ಎಂಬಲ್ಲಿ ಮುಳ್ಳು ಸಿಕ್ಕಿಕೊಳ್ಳುತ್ತದೆ. ಒಳಗೆ ಬಾ, ಒಳಗೆ ಬಾ, ಒಳಗೆ ಬಾ...

“ಅಮ್ಮಿಣೀ, ತಟ್ಟು!”

ಹೆಸರು ಭೂಮಿಯಾದರೂ ಈ ಕಡೆಯ ಮುದ್ದಿನ ಮಾತಿನಲ್ಲಿ ನಾನು ಅತ್ತೆಗೆ ಅಮ್ಮಿಣಿ; ತಟ್ಟಬೇಕಾದವಳು ನಾನೇ. ಸೌಟು ಬಿಟ್ಟು ಓಡಿ ಬಂದು ಹಾಡುವ ಪೆಟ್ಟಿಗೆಯ ಅಂಚಿಗೆ ಮೆತ್ತಗೆ ಒಂದು ಏಟು ಕೊಡಬೇಕು. ಆಮೇಲೆ ದೇವರು ಒಳಗೆ ಬರುತ್ತಾನೆ, ಹಿಂದೆಯೇ ದೋಸೆಯ ಹೊಗೆ. ನಂಜನಗೂಡಿನ ಕಾಲೇಜಿನಲ್ಲಿ ಓದುತ್ತಾ, ಕಪಿಲೆಯ ನೀರಲ್ಲಿ ನಡುಗುವ ಬೆಳದಿಂಗಳನ್ನು ಕುರಿತು ಕವನ ಬರೆದವಳಿಗೆ ಮದುವೆಯ ನಂತರ ದೊರೆತ ಪದವಿ ಇದು: ದೇವರನ್ನು ಹೊಸ್ತಿಲು ದಾಟಿಸುವ ಅಧಿಕಾರಿಣಿ!

“ರೀ, ಇದೇ ಹಾಡಿನ ಚೆನ್ನಾಗಿರೋ ರೆಕಾರ್ಡು ಎಲ್ಲಾದರೂ ಸಿಗಲ್ವಾ?” ಎಂದು ಗಂಡನನ್ನು ಕೇಳಿದೆ.

ನನ್ನ ಗಂಡ ಗೋಪಿನಾಥ್ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಸೂಪರ್‌ವೈಸರ್. ಬಟ್ಟೆಯಲ್ಲಿ ತೂತು, ಎಣ್ಣೆಕಲೆ, ಜಾರಿದ ಹೊಲಿಗೆ ಹುಡುಕುವುದು ಅವರ ಕೆಲಸ. ಕುಂದಿದ್ದ ಮಾಲನ್ನು ‘ಸೆಕೆಂಡ್ಸ್’ ಎಂದು ಪಕ್ಕಕ್ಕೆ ಎಸೆಯುತ್ತಾರೆ. ಆ ಕಣ್ಣನ್ನು ಕಂಪನಿಯ ಗೇಟಿನಲ್ಲೇ ಬಿಟ್ಟು ಬರಬಾರದೇ? ನನ್ನ ಚಪಾತಿ ಸೆಕೆಂಡ್ಸ್. ನಾನು ಮಡಿಸಿದ ಹೊದಿಕೆ ಸೆಕೆಂಡ್ಸ್. (ಹೆಣ್ಣು ನೋಡಲು ಬಂದ ದಿನ ಮಾತ್ರ ತಲೆ ಎತ್ತಿರಲಿಲ್ಲ. ಅವತ್ತು ಚೆಕಿಂಗ್‌ಗೆ ರಜೆ.)

“ಹಳೇ ರೆಕಾರ್ಡ್ ತಗಳಾದು ಅಂದ್ರೆ ಸುಮ್ಮಾ ಇಲ್ಲ ಭೂಮಿ,” ಎಂದರು. “ಬೆಳಕಿಗೆ ಓರೆಯಾಗಿ ಹಿಡೀಬೇಕು. ಗೀರಿನ ಮೇಲೆ ಉಗುರು ಓಡಿಸ್ಬೇಕು. ಉಗುರು ಸಿಕ್ಕಿದ್ರೆ ಮುಳ್ಳೂ ಸಿಕ್ತೈತೆ. ನಡು ತೂತಿನ ಸುತ್ತ ಬಿಳೀ ಗೆರೆ ಇದ್ರೆ ತುಂಬಾ ಓಡಿರಾ ತಟ್ಟೆ. ನಿನ್ನಿಂದ ಆಗಾದಿಲ್ಲ, ಕಣ್ಣು.”

ಬಾಯಲ್ಲಿ ‘ಕಣ್ಣು’ ಎಂಬ ಮುದ್ದು, ಆದರೆ ಆಗುವುದಿಲ್ಲವಂತೆ! ರಾಗಿಯಲ್ಲಿ ರಾಗಿಯಷ್ಟೇ ಕಲ್ಲನ್ನು ಆರಿಸುವವಳಿಗೆ ಗೀರು ಕಾಣುವುದಿಲ್ಲವಂತೆ!

ಮರುದಿನ ಅತ್ತೆ ಮಲಗಿದ್ದಾಗ ಅವರ ರೆಕಾರ್ಡನ್ನೇ ಕಿಟಕಿಯ ಬೆಳಕಿಗೆ ಹಿಡಿದು ಅಭ್ಯಾಸ ಶುರುಮಾಡಿದೆ. ಹಾಡಿನ ನಡುಭಾಗದಲ್ಲಿ ಸಾಸಿವೆಯಷ್ಟು ಹಳದಿ ಕೊಳೆ ಒಣಗಿ ಕೂತಿತ್ತು. ಅದನ್ನು ಉಗುರಿನಿಂದ ಎಬ್ಬಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. (ಕೊಳೆಯ ಕೆಳಗೆ ಗೀರು ಅಡಗಿರುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ.) ಪಕ್ಕದಲ್ಲೇ ಕೂದಲೆಳೆಯಂಥ ಒಂದು ಗೀರು ಕಂಡಿತು. ಸಿಕ್ಕಿಬಿದ್ದೆಯಾ ಕಳ್ಳ! ಅದರ ಮೇಲೆ ಉಗುರು ಸಲೀಸಾಗಿ ಜಾರಿತು, ನಿಜ. ಆದರೆ ಅಪರಾಧಿಯ ಮುಖ ನೋಡಿದರೆ ತಿಳಿಯುವುದಿಲ್ಲವೇ? ವಾಸಿಯಾಗದ ಗಾಯ ಎಂದು ತೀರ್ಪು ಕೊಟ್ಟು, ತಟ್ಟೆಯನ್ನು ಇದ್ದಲ್ಲಿಯೇ ಇಟ್ಟೆ.

ಆಮೇಲೆ ಧಾರಾಪುರಂ ಬಸ್ಸು ಹತ್ತಿದೆ. ಅಲ್ಲಿ ಕುಪ್ಪಸಾಮಿ ಎಂಬವರ ಮೈಕ್‌ಸೆಟ್ ಅಂಗಡಿ. ಮದುವೆಮನೆಗಳಿಗೆಲ್ಲ ಸಿ.ಡಿ. ಬಂದಮೇಲೆ ಹಳೇ ರೆಕಾರ್ಡುಗಳನ್ನು ಮೂಲೆಯಲ್ಲಿ ಪೇರಿಸಿ ಮಾರುತ್ತಿದ್ದರು. ಹುಡುಕಿದರೆ ಅದೇ ಹಾಡು ಇತ್ತು! ಓರೆಯಾಗಿ ಹಿಡಿದೆ, ಉಗುರು ಓಡಿಸಿದೆ, ತೂತಿನ ಸುತ್ತ ಕಣ್ಣಾಡಿಸಿದೆ, ಮೇಜಿನ ಮೇಲಿಟ್ಟು ಡೊಂಕು ನೋಡಿದೆ.

“ಎನ್ನಮ್ಮಾ, ರೆಕಾರ್ಡ್ ಪಾಕ್ಕಿರೀಂಗಳಾ, ಪೊಣ್ಣು ಪಾಕ್ಕಿರೀಂಗಳಾ?” ಎಂದು ಕುಪ್ಪಸಾಮಿ ನಕ್ಕರು. ರೆಕಾರ್ಡು ನೋಡುತ್ತಿದ್ದೀರೋ, ಹೆಣ್ಣು ನೋಡುತ್ತಿದ್ದೀರೋ ಎಂದು. ನಗಲಿ. ಒಂದು ಗೀರಿಲ್ಲ, ಒಂದು ಕಲೆಯಿಲ್ಲ.

ಆ ಶುಕ್ರವಾರ ತೊಂಡಾಮುತ್ತೂರಿನಿಂದ ಅತ್ತೆಯ ತಂಗಿ ಕಮಲಾತಾಳ್ ಕೂಡ ಬಂದಿದ್ದರು. ನನ್ನ ಗಂಡ ಹೊಸ ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ, “ಎಕ್ಸ್‌ಪೋರ್ಟ್ ಕ್ವಾಲಿಟಿ!” ಎಂದರು. ಮದುವೆಯಾದ ಮೇಲೆ ನನಗೆ ಸಿಕ್ಕ ಮೊದಲ ಬಿರುದು.

ಹಾಡು ಶುರುವಾಯಿತು. ಅಕ್ಕ ತಂಗಿ ಕಣ್ಣು ಮುಚ್ಚಿ ದನಿಗೂಡಿಸಿದರು. ‘ಒಳಗೆ ಬಾ’ ಬಂತು, ಮುಳ್ಳು ಮುಂದಕ್ಕೆ ಹೋಯಿತು. ಇವರಿಬ್ಬರು ಮಾತ್ರ ರೂಢಿಯಂತೆ ಒಳಗೆ ಬಾ, ಒಳಗೆ ಬಾ ಎಂದು ಕರೆಯುತ್ತಲೇ ಇದ್ದರು. ಇವರ ರಂಗ ಇನ್ನೂ ಹೊಸ್ತಿಲಲ್ಲಿದ್ದಾಗ ರೆಕಾರ್ಡಿನ ರಂಗ ಮಣೆಯ ಮೇಲೆ ಕೂತು ಹಾಲು ಕುಡಿದಾಗಿತ್ತು.

“ಏನಕ್ಕಾ, ಇವ್ನಿಗೆ ಬಸ್ಸಿಗೆ ಹೊತ್ತಾಗೈತಾ?” ಎಂದರು ಕಮಲಾತಾಳ್.

“ಅಮ್ಮಿಣಿ, ಇದು ಕೆಟ್ಟೋಗೈತೆ. ಪದ ನುಂಗ್ತೈತೆ,” ಎಂದರು ಅತ್ತೆ.

“ಕೆಟ್ಟಿಲ್ಲ ಅತ್ತೆ, ಇದೇ ಸರಿಯಾದ್ದು. ಹಾಡಲ್ಲಿರೋದೇ ಒಂದು ಸಲ.”

“ಒಂದು ಸಲವಾ! ಓಟು ಕೇಳಾಕೆ ಬಂದೋನ್ನೇ ನಾವು ‘ವಾಂಗ, ವಾಂಗ, ವಾಂಗ’ ಅಂತ ಮೂರು ಸಲ ಕರೀತೀವಿ. ಸಾಮೀನ ಒಂದೇ ಸಲ ಕರೆದ್ರೆ ಬರ್ತಾನಾ? ಮಾನ ಮರ್ಯಾದಿ ಇಲ್ವಾ ಅವ್ನಿಗೆ? ಹಳೇದ ಹಾಕು!”

ಹಾಕಿದೆ, ರೋಷದಿಂದಲೇ ಹಾಕಿದೆ. ಈಗ ಸಿಕ್ಕಿಕೊಳ್ಳಲಿ, ಎಲ್ಲರೂ ನೋಡಲಿ! ತಟ್ಟಲು ಕೈ ಎತ್ತಿ ನಿಂತೆ. ‘ಒಳಗೆ ಬಾ’ ಬಂತು. ಮುಳ್ಳು ಬೆಣ್ಣೆಯಲ್ಲಿ ಜಾರಿದಂತೆ ಮುಂದೆ ಹೋಯಿತು. ನನ್ನ ಕೈ ಗಾಳಿಯಲ್ಲೇ ಉಳಿಯಿತು.

ಅತ್ತೆ ತಟ್ಟೆಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. “ಇಲ್ಲಿದ್ದ ಚಂದನದ ಬೊಟ್ಟೆಲ್ಲಿ?”

ಆಯುಧಪೂಜೆಗೆ ಈ ಊರಲ್ಲಿ ಹೊಲಿಗೆ ಯಂತ್ರದಿಂದ ಮಿಕ್ಸಿಯವರೆಗೆ ಎಲ್ಲಕ್ಕೂ ಬೊಟ್ಟು ಬೀಳುತ್ತದೆ. ಯಾವ ಕಾಲದಲ್ಲೋ ಅತ್ತೆ ರೆಕಾರ್ಡಿಗೂ ಇಟ್ಟಿದ್ದರು. ನಾನು ಉಗುರಿನಿಂದ ಎಬ್ಬಿಸಿದ ಕೊಳೆ ಅದೇ, ಇಷ್ಟು ದಿನ ಮುಳ್ಳನ್ನು ತಡೆದದ್ದೂ ಅದೇ.

ಗಂಡ ಅದನ್ನು ದೀಪಕ್ಕೆ ಓರೆಯಾಗಿ ಹಿಡಿದರು. “ಕ್ಲೀನ್ ಪೀಸ್. ತಟ್ಟೆ ಮೇಲೆ ತಪ್ಪಿಲ್ಲ. ಚೆಕಿಂಗ್ ಮೇಲೇ ತಪ್ಪು.”

ಮತ್ತೆ ಸಿಕ್ಕಿಕೊಳ್ಳಲಿ ಎಂದು ಹೊಸ ಬೊಟ್ಟು ಇಟ್ಟು ನೋಡಿದೆವು. ಮುಳ್ಳು ಎಗರಿ ನೇರವಾಗಿ ಮಂಗಳಾರತಿಗೆ ಹೋಯಿತು. ದೇವರಿಗೆ ಹಾಲೂ ಇಲ್ಲ, ಮಣೆಯೂ ಇಲ್ಲ. ಅತ್ತೆ ಆ ಬೊಟ್ಟನ್ನು ತಾವೇ ಒರೆಸಿ, ನನ್ನ ಕಡೆ ತಿರುಗಿದರು.

ಈಗ ಶುಕ್ರವಾರ ನಾನು ಹಾಡಿನ ಮೊದಲಿನಿಂದಲೂ ಪೆಟ್ಟಿಗೆಯ ಪಕ್ಕ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ‘ಒಳಗೆ ಬಾ’ ಬಂದ ತಕ್ಷಣ ಮುಳ್ಳನ್ನು ಎತ್ತಿ ಹಿಂದಕ್ಕಿಡಬೇಕು. ಮತ್ತೆ ಎತ್ತಿ, ಮತ್ತೆ ಹಿಂದಕ್ಕೆ. ಒಲೆಯ ಮೇಲಿನ ದೋಸೆ ತನ್ನ ಪಾಡಿಗೆ ತಾನು ಸೀಯುತ್ತಿರುತ್ತದೆ.

“ಅಮ್ಮಿಣಿ, ಎರಡನೇ ‘ಬಾ’ ಅರ್ಧ ಬಿತ್ತು,” ಎನ್ನುತ್ತಾರೆ ಅತ್ತೆ, ಕಣ್ಣು ತೆರೆಯದೆ.

ಬಾಗಿಲಿಗೆ ಒರಗಿ ನಿಂತ ಗಂಡ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಮೆಲ್ಲಗೆ ಹೇಳುತ್ತಾರೆ:

“ಸೆಕೆಂಡ್ಸ್.”