ಹತ್ತುವ ಭಾವ, ಇಳಿಯದ ಭಾವ

ನಮ್ಮ ಭಾವ ಘಾಟಿಯನ್ನು ಸೈಕಲ್ಲಿನಲ್ಲಿ ಹತ್ತುತ್ತಾರೆ, ನಡೆದುಕೊಂಡು ಇಳಿಯುತ್ತಾರೆ. ನಾನು ತಿರುಗಾಮುರುಗಾ ಬರೆದಿದ್ದೇನೆ ಅಂದುಕೊಳ್ಳಬೇಡಿ. ಏರಿನಲ್ಲಿ ಸೈಕಲ್ ತಳ್ಳಿ, ಇಳಿಜಾರಿನಲ್ಲಿ ಕಾಲು ಚಾಚಿ ಕೂತು ಬರುವುದು ನಿಮ್ಮ ನಮ್ಮಂಥವರ ಪದ್ಧತಿ. ಭಾವ ಬಾಳೆಬರೆ ಘಾಟಿಯ ಅಷ್ಟೂ ತಿರುವುಗಳನ್ನು ಒಂದು ಕಡೆಯೂ ಕಾಲು ಊರದೆ ತುಳಿಯುತ್ತಾರೆ. ಮೇಲೆ ಮುಟ್ಟಿ ನೀರು ಕುಡಿದು, ಹ್ಯಾಂಡಲ್ ಹಿಡಿದುಕೊಂಡು, ಮದುವೆ ಊಟ ಮುಗಿಸಿ ಮನೆಗೆ ಹೊರಟವರ ಹಾಗೆ ನಿಧಾನಕ್ಕೆ ನಡೆದು ಇಳಿಯುತ್ತಾರೆ. ಕಾರಣ, ಹೆದರಿಕೆ.

ಹಾಗಂತ ಅವರನ್ನು ಪುಕ್ಕಲರೆಂದು ತಿಳಿದರೆ ತಪ್ಪು ನಿಮ್ಮದು. ನನ್ನ ಅಕ್ಕನ ಗಂಡನಾದ ಇವರು ಗಂಗೊಳ್ಳಿಯ ಒಂದು ಮೀನುಗಾರಿಕೆ ಬೋಟಿನ ತಾಂಡೇಲರು. ಅಂದರೆ ಚುಕ್ಕಾಣಿ ಇವರ ಕೈಯಲ್ಲಿ. ಏಳು ಜನರನ್ನು ಕಡಲಿಗೆ ಕರೆದೊಯ್ದು ಏಳೂ ಜನರನ್ನು ವಾಪಸು ತರುವ ಹೊಣೆ ಇವರದು. ಬೋಟಿನ ಮೂತಿ ಆಕಾಶ ನೋಡುವಂಥ ಅಲೆ ಬಂದರೂ ಇವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸುವುದಿಲ್ಲವಂತೆ. ಅಂಥವರಿಗೆ ಡಾಂಬರು ರಸ್ತೆ ಒಂದು ಚೂರು ತಲೆ ತಗ್ಗಿಸಿದರೆ ಯಾಕೆ ಕೈ ಬೆವರಬೇಕು? ಕೇಳಿಯೇಬಿಟ್ಟೆ.

"ಕಡಲಲ್ಲಿ ಇಳಿಜಾರ್ ಅಂಬ್ದೇ ಇಲ್ಲೆ ಮಾರಾಯ," ಅಂದರು. "ಅಲೆ ಇಳೀತ್, ಮತ್ತೆ ಹತ್ತತ್. ಈ ರಸ್ತೆ ಇಳುಕ್ ಸುರು ಮಾಡ್ರೆ ಇಳೀತಾ ಇಪ್ದೇ."

ಸೈಕಲ್ಲಿನ ಹುಚ್ಚು ಹಿಡಿಸಿದ್ದು ಡಾಕ್ಟರು. ಸಕ್ಕರೆ ಕಾಯಿಲೆಗೆ ದಿನಾ ನಡೆಯಿರಿ ಅಂದರು. ಭಾವನಿಗೆ ನಡೆಯುವುದೆಂದರೆ ಬೇಸರ (ಆಗ ಬೇಸರ, ಈಗ ಘಾಟಿಯಿಡೀ ನಡೆಯುತ್ತಾರೆ). ಮಗಳು ಕಾಲೇಜಿಗೆ ಸ್ಕೂಟರ್ ಹಿಡಿದ ಮೇಲೆ ಅವಳ ಗೇರ್ ಇರುವ ಸೈಕಲ್ಲು ಜಗಲಿಯಲ್ಲಿ ಬಿದ್ದಿತ್ತು. ನೇರಳೆ ಬಣ್ಣ, ಮುಂದೊಂದು ಬುಟ್ಟಿ. ಮಳೆಗಾಲದಲ್ಲಿ ಬೋಟುಗಳು ದಡ ಸೇರಿದ ಎರಡು ತಿಂಗಳು ಭಾವ ಅದನ್ನೇ ಹತ್ತಿ ಮೊದಲು ಕುಂದಾಪುರ, ಆಮೇಲೆ ಹಾಲಾಡಿ, ಆಮೇಲೆ ಸಿದ್ದಾಪುರ ಮುಟ್ಟಿದರು. ಸಿದ್ದಾಪುರದಿಂದ ಮುಂದೆ ಇರುವುದೇ ಘಾಟಿ. ಒಂದು ದಿನ ಅದರ ತಲೆಯ ಮೇಲಿಂದ ಅಕ್ಕನಿಗೆ ಫೋನು ಬಂತು.

"ಹತ್ತಿ ಆಯ್ತ್ ಮಾರಾಯ್ತಿ. ಇಳುಕ್ ಆತಿಲ್ಲೆ."

"ಹತ್ತುವಾಗ ಇದ್ದ ರಸ್ತೆಯೇ ಅಲ್ದಾ ಅದ್?"

"ಅದೇ. ಆರೆ ಈಗ ಅದ್ರ ಮುಖ ಆಚಿಗ್ ತಿರ್ಗಿತ್."

ಆ ದಿನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ, ತಾವು ಕಿಟಕಿ ಪಕ್ಕ ಕೂತು ನಿದ್ದೆ ಮಾಡುತ್ತ ಬಂದರು. ಬಸ್ಸೂ ಅದೇ ಇಳಿಜಾರು ಇಳಿಯಿತಲ್ಲ, ಆಗ ಹೆದರಿಕೆಯಾಗಲಿಲ್ಲವೇ ಎಂದರೆ, "ಅಲ್ಲಿ ತಾಂಡೇಲ ಬೇರೆಯವ," ಎಂಬ ಉತ್ತರ.

ಪ್ರತಿ ಸಲ ಬಸ್ಸಿನವರು ಸೈಕಲ್ ಹತ್ತಿಸಿಕೊಳ್ಳುವುದಿಲ್ಲ. ಹಾಗಾಗಿ ನಡಿಗೆ ಶುರುವಾಯಿತು. ಒಳ್ಳೆಯ ಸೈಕಲ್ಲನ್ನು ಇಳಿಜಾರಿನಲ್ಲಿ ತಳ್ಳಿಕೊಂಡು ಬರುವವರನ್ನು ಕಂಡರೆ ಜನ ಸುಮ್ಮನಿರುತ್ತಾರೆಯೇ? ಗಾಡಿ ನಿಲ್ಲಿಸಿ ಕೇಳುತ್ತಾರೆ. ಭಾವ "ಪಂಚರ್" ಎಂದು ಹೇಳಲು ಕಲಿತರು. ಒಮ್ಮೆ ಒಬ್ಬ ಪುಣ್ಯಾತ್ಮ ಜೀಪಿನಿಂದಿಳಿದು, "ನನ್ನ ಹತ್ರ ಪಂಪು, ಪ್ಯಾಚು ಎಲ್ಲ ಉಂಟು, ನಿಲ್ಲಿ," ಎಂದು ಹಿಂದಿನ ಸೀಟಿನಡಿ ಹುಡುಕತೊಡಗಿದ. ಚಕ್ರದಲ್ಲಿ ಗಾಳಿ ಕಲ್ಲಿನ ಹಾಗಿದೆ. ಅವನು ತಲೆ ಎತ್ತುವುದರೊಳಗೆ ಭಾವ ಬಗ್ಗಿ ತಾವೇ ಗಾಳಿ ಬಿಟ್ಟರು. ಆತ ಅರ್ಧ ಗಂಟೆ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಇಲ್ಲದ ತೂತು ಹುಡುಕಿದ. ಕೊನೆಗೆ ಗಾಳಿ ತುಂಬಿಸಿ, "ಈಗ ಹತ್ತಿ, ಹೋಗಿ, ನಾನು ನೋಡ್ತೇನೆ," ಎಂದು ಸೊಂಟಕ್ಕೆ ಕೈಯಿಟ್ಟು ನಿಂತ. ಭಾವ ಸೊಂಟ ಹಿಡಿದುಕೊಂಡು ನೋವೆಂದರು!

ಈ ಸಂಗತಿ ಗೊತ್ತಿದ್ದದ್ದು ಅಕ್ಕನಿಗೆ ಮತ್ತು ನನಗೆ ಮಾತ್ರ. "ಬೋಟಿನವ್ರಿಗ್ ಗೊತ್ತಾಪ್ಕಾಗ," ಎಂದು ಭಾವ ಕಟ್ಟುನಿಟ್ಟಾಗಿ ಹೇಳಿದ್ದರು. ಗಾಳಿ ಎದ್ದಾಗ ತಾಂಡೇಲ 'ಹೆದರಬೇಡಿ' ಎಂದರೆ ಏಳು ಜನ ನಂಬಬೇಕು. ಅವರೇ ಹೆದರುವವರೆಂದು ತಿಳಿದರೆ ಆ ಮಾತಿಗೆ ಬೆಲೆ ಎಲ್ಲಿ? ಈ ಮಾತಿಗೆ ಮಾತ್ರ ನಾನು ನಗಲಿಲ್ಲ.

ಹೀಗಿರುವಾಗ ಕುಂದಾಪುರದ ಕೆಲವು ಸೈಕಲ್ ಪ್ರಿಯರು ಒಂದು ಸ್ಪರ್ಧೆ ಇಟ್ಟರು. ಸಿದ್ದಾಪುರದಿಂದ ಹೊರಟು ಘಾಟಿ ಹತ್ತಿ, ಮೇಲಿನ ಊರುಗಳನ್ನು ದಾಟಿ, ಒಂದು ಕಣಿವೆಗೆ ಇಳಿದು, ಮತ್ತೆ ಹುಲ್ಲುಗುಡ್ಡದ ನೆತ್ತಿಗೆ ಹತ್ತಬೇಕು. ಮಧ್ಯಾಹ್ನ ಹನ್ನೆರಡರೊಳಗೆ ಮುಟ್ಟಿದವರಿಗೆ ಪದಕ. ಸಮುದ್ರ ಮಟ್ಟದಿಂದ ಭಾರೀ ಎತ್ತರ ಎಂದು ಕರಪತ್ರದಲ್ಲಿತ್ತು. ಅಕ್ಕ ಅದನ್ನೋದಿ, "ಸಮುದ್ರ ಮಟ್ಟ ಅಂದ್ರೆ ನಮ್ಮನೆ ಮೆಟ್ಲ್. ಅಲ್ಲಿಂದ್ಲೇ ಅಳ್ದಿರಾ ಹ್ಯಾಂಗೆ?" ಎಂದಳು. ಭಾವ ಹೆಸರು ಕೊಟ್ಟಾಗಿತ್ತು. ನಡುವಿನ ಕಣಿವೆಯ ಇಳಿಜಾರಿಗೇನು ಮಾಡುತ್ತೀರಿ ಎಂದರೆ, "ಘಟ್ಟದ್ ಮೇಲೆ ನಮ್ಮನ್ನ ಕಾಂಬವ್ರ್ ಯಾರ್?" ಎಂದರು.

ನಾನು ಸಾಲಿಗ್ರಾಮದ ಶಾಲೆಯೊಂದರಲ್ಲಿ ಮೇಷ್ಟ್ರು. ಸ್ಪರ್ಧೆಯವರು ನನ್ನನ್ನೂ ಸೇವೆಗೆ ಹಾಕಿಕೊಂಡು, ಕಣಿವೆಯ ತಳದ ಸೇತುವೆಯ ಮೇಲೆ ಬಾಳೆಹಣ್ಣಿನ ಬುಟ್ಟಿ ಕೊಟ್ಟು ನಿಲ್ಲಿಸಿದರು. ಒಂಬತ್ತು ಗಂಟೆಗೆ ಒಂದು ಟೆಂಪೋ ಬಂದು ನಿಂತಿತು. ಇಳಿದವರು ಭಾವನ ಬೋಟಿನ ಏಳೂ ಜನ. ಸುದ್ದಿ ಹೇಗೋ ತಿಳಿದು, ತಾಂಡೇಲರಿಗೆ ಚಪ್ಪಾಳೆ ಹೊಡೆಯಲು ಗಂಗೊಳ್ಳಿಯಿಂದ ಬಂದಿದ್ದರು. ಮುಂದಕ್ಕೆ ಗಾಡಿ ಬಿಡುವುದಿಲ್ಲ ಎಂದಾಗ ಸೇತುವೆಯ ಮೇಲೆಯೇ ಸಾಲಾಗಿ ಕೂತರು. ಎದುರಿನ ಗುಡ್ಡದ ಇಳಿಜಾರು ರಸ್ತೆಯ ಒಂದೊಂದು ತಿರುವೂ ಅಲ್ಲಿಂದ ಕಾಣುತ್ತದೆ.

ಬಿಗಿ ಬಟ್ಟೆಯ ತರುಣರೆಲ್ಲ ಸರ್ರನೆ ಇಳಿದು ಹೋದರು. ಬಹಳ ಹೊತ್ತಿನ ಮೇಲೆ ಎರಡನೇ ತಿರುವಿನಲ್ಲಿ ನೇರಳೆ ಸೈಕಲ್ಲು ಕಂಡಿತು. ಪಕ್ಕದಲ್ಲಿ ಭಾವ, ನಡೆಯುತ್ತಿದ್ದಾರೆ. ಅವರ ಜೊತೆ ಇನ್ನೊಬ್ಬರು, ಅವರೂ ಸೈಕಲ್ ಹಿಡಿದು ನಡೆಯುತ್ತಿದ್ದಾರೆ.

ಆಮೇಲೆ ಭಾವ ಹೇಳಿದ್ದಿದು: ಜೊತೆಗಿದ್ದಾಕೆ ಬ್ರಹ್ಮಾವರದ ಕಡೆಯ ಒಬ್ಬ ನರ್ಸ್. ಹಿಂದೊಮ್ಮೆ ಇಳಿಜಾರಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡವರು. ಭಾವ ನಡೆಯುವುದನ್ನು ನೋಡಿ, "ನಂಗ್ ಇಳುಕ್ ಹೆದ್ರಿಕೆ. ನಿಮ್ಗೆಂತ ಆಯ್ತ್?" ಎಂದು ಕೇಳಿದರಂತೆ. ಭಾವ ಅಭ್ಯಾಸಬಲದಿಂದ, "ಬ್ರೇಕ್ ಸಮ ಇಲ್ಲೆ," ಎಂದರಂತೆ. ಒಂದು ತಿರುವು ಕಳೆಯಿತು. ತನ್ನ ಅರ್ಧ ಪ್ರಾಯದ ಹೆಣ್ಣುಮಗಳು ಇಷ್ಟು ಸಲೀಸಾಗಿ ಹೇಳಿದ ಮಾತನ್ನು ತಾನು ನುಂಗುತ್ತಿದ್ದೇನಲ್ಲ ಅನ್ನಿಸಿ, "ಬ್ರೇಕ್ ಸಮ ಇತ್ತ್ ಮಗಾ. ನಂಗೂ ಹೆದ್ರಿಕೆಯೇ," ಎಂದರಂತೆ. "ಹಾಂಗಾರೆ ಕಡೇ ಎರಡ್ ತಿರುವು ಒಟ್ಟಿಗ್ ಕೂಕಂಡ್ ಹೋಪನಾ?" ಎಂದು ಆಕೆ ಕೇಳಿದರು.

ನಾವು ಸೇತುವೆಯಿಂದ ಕಂಡದ್ದು ಇಷ್ಟೇ: ಇಬ್ಬರೂ ಸೈಕಲ್ ಏರಿದರು. ಬ್ರೇಕಿನ ಕಿರುಚಾಟ ಕಣಿವೆಯಿಡೀ ಕೇಳಿಸಿತು. ನಡೆದಿದ್ದರೇ ಬೇಗ ಬರುತ್ತಿದ್ದರೋ ಏನೋ! ಆದರೂ ಬಂದರು. ಸೇತುವೆಯ ಮೇಲೆ ಕಾಲೂರಿದಾಗ ಭಾವನ ಬೆರಳುಗಳು ಹ್ಯಾಂಡಲ್ ಬಿಡಲು ಒಪ್ಪದೆ ಸೆಟೆದುಕೊಂಡಿದ್ದವು. ಆಗ ಅವರು ತಲೆ ಎತ್ತಿ ತಮ್ಮ ಏಳು ಜನರನ್ನು ನೋಡಿದರು.

"ಎಂತಕೆ ನಡ್ಕಂಡ್ ಬಂದ್ರಿ ತಾಂಡೇಲ್ರೆ?" ಕೇಳಿದವನು ಶೀನಣ್ಣ, ಬೋಟಿನಲ್ಲಿ ಎಲ್ಲರಿಗಿಂತ ಹಿರಿಯ.

ಭಾವ ನನ್ನನ್ನು ನೋಡಿದರು. ಆ ನರ್ಸನ್ನು ನೋಡಿದರು. "ಹೆದ್ರಿಕೆ ಆತ್ತ್," ಎಂದರು. "ಇಳಿಜಾರ್ ಕಂಡ್ರೆ ನಂಗೆ ಮೊದ್ಲಿಂದ್ಲೂ ಹೆದ್ರಿಕೆ."

ಯಾರೂ ನಗಲಿಲ್ಲ. ನಾನು ಭಾವನ ಕೈಗೆ ಒಂದು ಬಾಳೆಹಣ್ಣು ಕೊಟ್ಟೆ. ಶೀನಣ್ಣ ಸೇತುವೆಯ ಕಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದವನು ತಲೆ ಎತ್ತದೆಯೇ ಹೇಳಿದ: "ನಂಗೆ ಈಜುಕ್ ಬತ್ತಿಲ್ಲೆ ತಾಂಡೇಲ್ರೆ."

ಭಾವನ ಬಾಯಲ್ಲಿ ಬಾಳೆಹಣ್ಣು ಹಾಗೇ ನಿಂತಿತು. ಹನ್ನೊಂದು ವರ್ಷದಿಂದ ಇವರ ಜೊತೆ ಕಡಲಿಗೆ ಹೋಗುತ್ತಿರುವ ಮನುಷ್ಯ! ಬೋಟಿನ ಅಂಚಿಗೆ ಬಾರದೆ ಯಾವಾಗಲೂ ಎಂಜಿನ್ನಿನ ಹತ್ತಿರವೇ ಇರುತ್ತಿದ್ದದ್ದನ್ನು ಕಂಡು, ಅವನಿಗೆ ಎಂಜಿನ್ನೆಂದರೆ ಪ್ರೀತಿ ಎಂದೇ ಎಲ್ಲರೂ ತಿಳಿದಿದ್ದರು.

ಕೊನೆಯ ಏರನ್ನು ಭಾವ ಹತ್ತಿದ ಪರಿಯನ್ನು ಏನು ಹೇಳಲಿ? ಬಿಗಿ ಬಟ್ಟೆಯವರು ಹತ್ತು ಹದಿನೈದು ಮಂದಿ ಹಿಂದೆ ಉಳಿದರು. ಗಡುವಿಗೆ ನಾಲ್ಕು ನಿಮಿಷ ಇರುವಾಗ ಭಾವ, ಒಂದು ನಿಮಿಷ ಇರುವಾಗ ಆ ನರ್ಸ್ ನೆತ್ತಿ ಮುಟ್ಟಿದರು. ಇಬ್ಬರಿಗೂ ಪದಕ ಸಿಕ್ಕಿತು.

ಮುಂದಿನ ವಾರ ಅಕ್ಕನ ಮನೆಗೆ ಹೋದಾಗ ಭಾವ ಇರಲಿಲ್ಲ. "ಹೊಳೆ ಬದಿಗ್ ಹೋಯಿರ್, ಕಾಣ್ ಹೋಗ್," ಎಂದಳು. ಹೋದೆ. ಬೆಳಗಿನ ಬಿಸಿಲು, ಇಳಿತದ ನೀರು. ಸೊಂಟಮಟ್ಟದ ನೀರಿನಲ್ಲಿ ಭಾವ ನಿಂತಿದ್ದರು. ಐವತ್ತು ದಾಟಿದ ಶೀನಣ್ಣ ಅವರ ಎರಡೂ ತೋಳುಗಳನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಕಾಲನ್ನು ತಳದಿಂದ ಎತ್ತಲೋ ಬೇಡವೋ ಎಂದು ನೋಡುತ್ತಿದ್ದ. ಎತ್ತಿದ. ತಟ್ಟನೆ ಮತ್ತೆ ಊರಿದ.

ಬೋಟಿನಲ್ಲಿ ಗದರುವ ಗಂಟಲು ಭಾವನದು. ಅವರು ಗದರಲಿಲ್ಲ.

"ಗಟ್ಟಿ ಹಿಡ್ಕೋ, ಅಡ್ಡಿಲ್ಲೆ," ಎಂದರು. "ಇವತ್ತಿಗ್ ಇಷ್ಟ್ ಸಾಕ್. ನಾಳೆ ಇನ್ನೊಂಚೂರ್ ಕಾಂಬ."