ಗ್ರೆಗರಿಯ ಮೊದಲ ಬಾಡಿಗೆದಾರೆ

ನಾಲ್ಕು ಜನರನ್ನು ಕೇಳದೆ ಗ್ರೆಗರಿ ಯಾವ ಕೆಲಸವನ್ನೂ ಮಾಡಿದವನಲ್ಲ. ಹಾಗಾಗಿ ಬಾಡಿಗೆಗೆ ಕೊಡಲೆಂದು ಜರ್ಮನಿಯ ರೋಡಲ್‌ಹೈಮಿನ ಹಳೆಯ ಕಟ್ಟಡವೊಂದರ ತಳಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಪುಟ್ಟ ಫ್ಲ್ಯಾಟ್ ಕೊಂಡ ದಿನದಿಂದ ಅವನ ತಲೆ ರಜೆಯ ಹಿಂದಿನ ದಿನದ ರೈಲ್ವೆ ವಿಚಾರಣಾ ಕಿಟಕಿಯಂತಾಗಿತ್ತು. ನಡುಗೋಡೆ ಒಡೆದರೆ ಕೋಣೆ ದೊಡ್ಡದಾದೀತೇ, ಇಲ್ಲಾ ಕಟ್ಟಡವೇ ಕೂತುಬಿಟ್ಟೀತೇ? ಹಳೆಯ ಟೈಲ್ಸ್ ಕೀಳಬೇಕೋ, ಮೇಲೆ ಬಣ್ಣ ಬಳಿದರೆ ಸಾಕೋ? ಒಳ್ಳೆಯ ಬಾಡಿಗೆದಾರರನ್ನು ಗುರುತಿಸುವುದು ಹೇಗೆ?

ಎಷ್‌ಬಾರ್ನಿನ ಆಫೀಸಿನಲ್ಲಿ ಅವನ ಪಕ್ಕದ ಮೇಜಿನ ಮಲ್ಲಿಕಾರ್ಜುನ ಅವನಂತೆಯೇ ಕನ್ನಡಿಗ, ಗದಗಿನವನು, ಮನೆ ಕೊಳ್ಳುವ ವಿಚಾರದಲ್ಲಿ ಎಲ್ಲರಿಗೂ ಸಲಹೆ ಕೊಡುವವನು. ಸ್ವತಃ ಇನ್ನೂ ಕೊಂಡಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಗ್ರೆಗರಿ ಮೂರನೆಯ ಸಲ ಫೋನ್ ಮಾಡಿದಾಗ ಅವನಿಗೂ ಸಾಕಾಗಿತ್ತು.

"ಕೇಳ್ಕೋತ ಕುಂತ್ರ ಮನೀ ಆಗಂಗಿಲ್ಲ ಗ್ರೆಗರಿ. ಗ್ವಾಡಿ ಮುಟ್ಟಬ್ಯಾಡ, ಬಣ್ಣ ಹಚ್ಚು, ಛಲೋ ಮಂದಿ ಬಂದ ಕೂಡ್ಲೆ ಸಹಿ ಹಾಕಿಸ್ಕೋ. ತಡಾ ಮಾಡಬ್ಯಾಡ."

ಗ್ರೆಗರಿಗೆ ಆ ಕೊನೆಯ ಮಾತು ಹಿಡಿಸಿತು. ಆದರೂ ಮನಸ್ಸು ನಿಲ್ಲದೆ, ಏಳು ವರ್ಷಗಳಿಂದ ತಾನು ಬಾಡಿಗೆಗಿದ್ದ ಮನೆಯ ಮಾಲೀಕ ಹೆರ್ ಕ್ರೇಮರ್ ಅವರಿಗೂ ಫೋನ್ ಮಾಡಿ, ಮಧ್ಯಾಹ್ನ ಒಮ್ಮೆ ಬಂದು ತನ್ನ ಮನೆ ನೋಡಿ ಹೋಗಬೇಕೆಂದು ಕೇಳಿಕೊಂಡ. ನಲವತ್ತು ವರ್ಷ ಮನೆ ಬಾಡಿಗೆಗೆ ಕೊಟ್ಟ ಅನುಭವಸ್ಥರು. ನಿನ್ನ ಮನೆಯೇ ಎಂದು ಅವರು ಎರಡು ಸಲ ಕೇಳಿದರು. ಹೌದು, ನನ್ನದೇ ಎಂದ ಗ್ರೆಗರಿ ಹೆಮ್ಮೆಯಿಂದ. ಖಂಡಿತ ಬರುತ್ತೇನೆಂದರು.

ಮಗಳು ಲಿಯೋನಾಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು ಗ್ರೆಗರಿ, ಅವನ ಹೆಂಡತಿ ಮೋಲಿ ಇಬ್ಬರೂ ಹಳೆ ಬಟ್ಟೆ ತೊಟ್ಟು ಕೆಲಸಕ್ಕಿಳಿದರು. ಸ್ನಾನದ ಕೋಣೆಯ ಗೋಡೆಗೆ ಗ್ರೆಗರಿ ಡ್ರಿಲ್ ಇಟ್ಟು ಎರಡು ತೂತು ಕೊರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ನಾಲ್ಕನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಎಪ್ಪತ್ತೆರಡರ ಫ್ರೌ ವೀಲಾಂಡ್, ಲಿಫ್ಟ್ ಇಲ್ಲದ ಆ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು, ಸದ್ದಿನ ಬಗ್ಗೆ ದೂರಲು ಬಂದಿದ್ದರು.

ದೂರುವುದು ಎರಡು ನಿಮಿಷದಲ್ಲಿ ಮುಗಿಯಿತು. ಮತ್ತೆ ಮೇಲೆ ಹತ್ತುವುದು ಮಂಡಿಗೆ ಕಷ್ಟವಾದ್ದರಿಂದ ಅವರು ಅಲ್ಲೇ ಬಣ್ಣದ ಡಬ್ಬಿಯ ಮೇಲೆ ಕೂತರು. ಕೂತಮೇಲೆ ಸುಮ್ಮನಿರಲಾಗಲಿಲ್ಲ. ತೂತು ತಪ್ಪಾದ ಜಾಗದಲ್ಲಿದೆ, ಅಲ್ಲಿ ಆಸರೆಯ ಹಿಡಿಕೆ ಹಾಕಿದರೆ ವಯಸ್ಸಾದವರಿಗೆ ಎಟುಕುವುದಿಲ್ಲ ಎಂದರು. ಗ್ರೆಗರಿ ಕೆಳಗೆ ಹಾಕಿದ. ಗೋಡೆಗೆ ಬೂದು ಬಣ್ಣ ಬೇಡ, ಚಳಿಗಾಲದಲ್ಲಿ ಮನಸ್ಸು ಕುಗ್ಗುತ್ತದೆ ಎಂದರು. ಗ್ರೆಗರಿ ಅಂಗಡಿಗೆ ಓಡಿ ತಿಳಿಹಳದಿ ತಂದ. ಹೊಸ್ತಿಲು ಎತ್ತರವೆಂದರು, ಅದನ್ನೂ ಉಜ್ಜಿ ಸಮ ಮಾಡಿದ. ಯಾರೋ ತನ್ನ ಪ್ರಶ್ನೆಗಳಿಗೆ ಕೇಳುವ ಮೊದಲೇ ಉತ್ತರ ಹೇಳುತ್ತಿರುವುದು ಅವನಿಗೆ ಬಹಳ ಸಮಾಧಾನ ತಂದಿತ್ತು.

ಅಡುಗೆಮನೆಯ ಕಪಾಟನ್ನು ಎರಡನೆಯ ಸಲ ಬಿಚ್ಚಿ ತಗ್ಗಿಸುತ್ತಿದ್ದಾಗ ಮೋಲಿ ಮೆಲ್ಲಗೆ ಕೇಳಿದಳು. "ನೀನು ನಮ್ಮ ಮನೆ ರಿಪೇರಿ ಮಾಡುದಾ, ಅವರ ಮನೆ ಕಟ್ಟುದಾ?"

ಅವಳ ಸಂಶಯ ಸುಳ್ಳಾಗಲಿಲ್ಲ. ಹನ್ನೆರಡು ಗಂಟೆಗೆ ಫ್ರೌ ವೀಲಾಂಡ್ ಎದ್ದು, ಕೋಣೆಯನ್ನೆಲ್ಲ ಒಂದು ಸುತ್ತು ನಡೆದು, ಕಿಟಕಿಯ ಬಳಿ ನಿಂತರು. ಮೂವತ್ತೊಂದು ವರ್ಷ ಮೇಲಿದ್ದೆ, ಈ ಕಟ್ಟಡ ಬಿಟ್ಟು ಹೋಗಲು ಮನಸ್ಸಿಲ್ಲ, ಆದರೆ ಕಳೆದ ತಿಂಗಳು ಎರಡು ವಾರ ಕೆಳಗಿಳಿಯಲೇ ಆಗಲಿಲ್ಲ ಎಂದು ಹೇಳಿ, ಈ ಮನೆಯನ್ನು ತನಗೆ ಕೊಡುವೆಯಾ ಎಂದು ಕೇಳಿದರು. ಗ್ರೆಗರಿಗೆ ಮಲ್ಲಿಕಾರ್ಜುನನ ಮಾತು ನೆನಪಾಯಿತು. ಅಚ್ಚು ಹಾಕಿಸಿ ತಂದಿದ್ದ ಬಾಡಿಗೆ ಕರಾರನ್ನು ಚೀಲದಿಂದ ತೆಗೆದ. ಯಾರನ್ನೂ ಕೇಳದೆ ಅವನು ಮಾಡಿದ ಮೊದಲ ಕೆಲಸ ಅದು. ಇಬ್ಬರೂ ಸಹಿ ಹಾಕಿದರು. ಪರದೆಗೆ ಅಳತೆ ತೆಗೆಯಬೇಕೆಂದು ಫ್ರೌ ವೀಲಾಂಡ್ ಟೇಪು ತರಲು ಮೇಲೆ ಹೋದರು. ಈ ಸಲ ಮಂಡಿ ಅಷ್ಟೇನೂ ನೋಯುತ್ತಿರುವಂತೆ ಕಾಣಲಿಲ್ಲ.

ಎರಡು ಗಂಟೆಗೆ ಹೆರ್ ಕ್ರೇಮರ್ ಪ್ಲಮ್ ಹಣ್ಣಿನ ಕೇಕು ಹಿಡಿದು ಬಂದರು. ಹಳದಿ ಗೋಡೆ ಮುಟ್ಟಿ ನೋಡಿದರು, ಕಿಟಕಿ ತೆರೆದು ಮುಚ್ಚಿದರು. ಗ್ರೆಗರಿ ಬಾಡಿಗೆದಾರೆ ಸಿಕ್ಕಿದ ಸುದ್ದಿ ಹೇಳಬೇಕೆನ್ನುವಷ್ಟರಲ್ಲಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಒಂದು ವರ್ಷದಿಂದ ಹೇಳಲಾಗದೆ ಇಟ್ಟುಕೊಂಡಿದ್ದ ಮಾತೊಂದಿದೆ ಎಂದರು. ಹ್ಯಾನೋವರಿನಲ್ಲಿರುವ ಅವರ ಮಗಳು ಗಂಡನಿಂದ ಬೇರೆಯಾಗಿ, ಅವಳಿ ಮಕ್ಕಳೊಂದಿಗೆ ಒಂದೇ ಕೋಣೆಯಲ್ಲಿ ದಿನ ದೂಡುತ್ತಿದ್ದಳು. ಅವಳಿಗೆ ಕೊಡಬಹುದಾದ ಮನೆ ಅವರ ಬಳಿ ಇದ್ದದ್ದು ಒಂದೇ, ಗ್ರೆಗರಿ ಇರುವ ಮನೆ. ಮಾಲೀಕರಿಗೇ ಮನೆ ಬೇಕಾದರೆ ಬಿಡಿಸಿಕೊಳ್ಳಲು ಕಾನೂನಿದೆ. ಐಗನ್‌ಬೆಡಾರ್ಫ್, ಅಂದರೆ ಸ್ವಂತ ಅಗತ್ಯ, ಎನ್ನುವ ಆ ಪದವನ್ನು ಅವರು ಬಾಗಿಲವರೆಗೆ ಬಂದು ನಾಲ್ಕು ಸಲ ನುಂಗಿಕೊಂಡು ಹಿಂದಿರುಗಿದ್ದರಂತೆ. ನಿಮ್ಮ ಮೂವರನ್ನು ಎಲ್ಲಿಗೆ ಹೋಗಿ ಎನ್ನಲಿ ಎಂದರು.

"ಇವತ್ತು ಬೆಳಿಗ್ಗೆ ನೀನು ಸ್ವಂತ ಮನೆ ಅಂದಾಗ," ಎಂದರು ಅವರು, "ನೀವು ಇಲ್ಲಿಗೇ ಬರುತ್ತೀರಿ ಅಂದುಕೊಂಡು ಮಗಳಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಅವಳು ಅತ್ತಳು. ಕಾನೂನಿನ ಪ್ರಕಾರ ಆರು ತಿಂಗಳು ಇದೆ, ಅವಸರ ಮಾಡಬೇಡ."

ಗ್ರೆಗರಿ ಮೋಲಿಯನ್ನು ನೋಡಿದ. ಮೋಲಿ ಕೇಕು ನೋಡುತ್ತಿದ್ದಳು.

ಆ ಹೊತ್ತಿಗೇ ಫ್ರೌ ವೀಲಾಂಡ್ ಟೇಪು ಹಿಡಿದು ಒಳಗೆ ಬಂದು, ಹೆರ್ ಕ್ರೇಮರ್ ಅವರನ್ನು ಸ್ನಾನದ ಕೋಣೆಗೆ ಕರೆದೊಯ್ದು ಹಿಡಿಕೆ ತೋರಿಸಿದರು. ಇದೆಲ್ಲ ನನಗಾಗಿಯೇ ಮಾಡಿದ್ದು, ನಾನೇ ಇಲ್ಲಿನ ಬಾಡಿಗೆದಾರೆ ಎಂದರು. ಹೆರ್ ಕ್ರೇಮರ್ ಹೊರಬಂದಾಗ ಮುಖ ಬಿಳಿಚಿತ್ತು. ನಾನು ತಪ್ಪು ತಿಳಿದೆ, ಮಗಳು ಇನ್ನೊಂದು ವರ್ಷ ಕಾಯುತ್ತಾಳೆ, ನಾನೇ ಹೇಳುತ್ತೇನೆ ಎಂದು ಟೊಪ್ಪಿ ಕೈಗೆತ್ತಿಕೊಂಡರು.

ಅವರು ಬಾಗಿಲ ಬಳಿ ಹೋದಾಗ ಗ್ರೆಗರಿ ಹಿಂದೆಯೇ ನಡೆದ. ಒಂದು ಕಡೆ ಫೋನಿನಲ್ಲಿ ಅತ್ತ ಅವಳಿ ಮಕ್ಕಳ ತಾಯಿ, ಇನ್ನೊಂದು ಕಡೆ ಕಿಟಕಿಗೆ ಟೇಪು ಹಿಡಿದು ನಿಂತ ಅಜ್ಜಿ. ಅವನಿಗೆ ಯಾರನ್ನೂ ಏನೂ ಕೇಳಬೇಕೆನಿಸಲಿಲ್ಲ.

"ಮಗಳಿಗೆ ಬರಲಿಕ್ಕೆ ಹೇಳಿ," ಎಂದ. "ನಾವು ಬೇರೆ ನೋಡುತ್ತೇವೆ."

ಅವರು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕುಲುಕಿ ಹೋದರು. ಮೋಲಿ ಬ್ರಷ್ಷು ಕೆಳಗಿಟ್ಟಳು.

"ಸ್ವಂತ ಮನೆ ತಗೊಂಡು ಆರು ವಾರದಲ್ಲಿ ಇರುವ ಮನೆಯೂ ಹೋಯ್ತು. ಹೀಗೆ ಯಾರಿಗಾದ್ರೂ ಆದದ್ದು ಉಂಟಾ ಮಾರಾಯಾ?" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಣ್ಣದ ಡಬ್ಬಿಯ ಮುಚ್ಚಳ ಹಾಕುತ್ತ ಸೇರಿಸಿದಳು, "ನಾನಾದ್ರೂ ಅದನ್ನೇ ಹೇಳ್ತಿದ್ದೆ."

ಫ್ರೌ ವೀಲಾಂಡ್‌ಗೆ ಕನ್ನಡ ಬಾರದಿದ್ದರೂ ನಡೆದದ್ದೇನೆಂದು ತಿಳಿಯಿತು. ಇಷ್ಟಕ್ಕೇಕೆ ಚಿಂತೆ ಎಂದರು. ತಾನು ಬಿಡುವ ಮೇಲಿನ ಮನೆ ಎರಡು ಕೋಣೆಯದು, ಖಾಲಿಯಾಗುತ್ತದೆ. ಮುಂದಿನ ಬಾಡಿಗೆದಾರರನ್ನು ತಾನೇ ಹುಡುಕಿಕೊಟ್ಟರೆ ಅದರ ಮಾಲೀಕನಿಗೂ ಖುಷಿ. ಅಲ್ಲೇ ನಿಂತು ಅವನಿಗೆ ಫೋನ್ ಮಾಡಿದರು. ಅವನು ಒಪ್ಪಿದ, ಒಂದು ಷರತ್ತಿನ ಮೇಲೆ: ಮನೆ ರಿಪೇರಿ ಬಂದವರದೇ.

ಗ್ರೆಗರಿ, ಮೋಲಿ ನಾಲ್ಕು ಮಹಡಿ ಹತ್ತಿದರು. ಗೋಡೆಯ ಕಾಗದ ಮೂಲೆಗಳಲ್ಲಿ ಒಣಗಿದ ಬಾಳೆಸಿಪ್ಪೆಯಂತೆ ಸುರುಟಿಕೊಂಡಿತ್ತು. ಟೈಲ್ಸ್ ಬಿರುಕು ಬಿಟ್ಟಿದ್ದವು. ಕೆಳಗಿನ ಮನೆ ಆರು ವಾರದ ಹಿಂದೆ ಹೇಗಿತ್ತೋ ಹಾಗೆಯೇ, ಒಂದು ಕೋಣೆ ಹೆಚ್ಚು, ಅಷ್ಟೆ. ಗ್ರೆಗರಿ ಏದುಸಿರು ಬಿಡುತ್ತ ಗೋಡೆಗೊರಗಿದ. ಮೋಲಿ ಕಿಟಕಿ ತೆರೆದಳು. ಛಾವಣಿಗಳಾಚೆ ಟೌನಸ್ ಬೆಟ್ಟದ ಸಾಲು ಬಿಸಿಲಲ್ಲಿ ಮಲಗಿತ್ತು.

"ಬೆಳಕು ಒಳ್ಳೆದುಂಟು," ಎಂದಳು ಅವಳು. "ಲಿಯೋನಾಗೆ ಬೇರೆ ಕೋಣೆಯೂ ಆಯ್ತು."

ಅವನಿಗೂ ಹಾಗೇ ಅನಿಸತೊಡಗಿತ್ತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುರುಗುಟ್ಟಿತು. ಕೆಳಗಿನಿಂದ ಫ್ರೌ ವೀಲಾಂಡ್. ಅಡುಗೆಮನೆಯ ನಲ್ಲಿ ಸೋರುತ್ತಿದೆ, ಮಾಲೀಕರು ತಕ್ಷಣ ಬರಬೇಕು.

ಬಾಡಿಗೆದಾರ ಗ್ರೆಗರಿ ನಲ್ಲಿ ಬಿಗಿಯುವ ಪಾನಾ ತೆಗೆದುಕೊಂಡು ಎಂಬತ್ತು ಮೆಟ್ಟಿಲು ಇಳಿಯತೊಡಗಿದ.